ಐವತ್ಮೂರನೆಯ ಗೂಡು

ನಮ್ಮ ಅತ್ತೆ ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ಊರಿನ ಹೆಂಗಸರು ಸದ್ದಿಲ್ಲದೆ ಒಳಗೆ ಸರಿದು ಅಗುಳಿ ಹಾಕಿಕೊಳ್ಳುತ್ತಿದ್ದರು. ಅವಳು ಜಗಳಗಂಟಿಯಲ್ಲ. ಕೈಬದಲು ಕೇಳುವವಳಲ್ಲ. ಚಾಡಿ ಹೇಳುವವಳಂತೂ ಅಲ್ಲವೇ ಅಲ್ಲ. ಅವಳು ಬರುತ್ತಿದ್ದದ್ದು ಸಹಾಯ ಮಾಡಲು! ಸಹಾಯ ಮಾಡುವವರನ್ನು ಕಂಡು ಒಂದು ಊರಿಗೆ ಊರೇ ನಡುಗಿದ್ದನ್ನು ನೀವೆಲ್ಲಾದರೂ ಕೇಳಿದ್ದೀರಾ? ನಾನು ಕಣ್ಣಾರೆ ಕಂಡಿದ್ದೇನೆ. ಅಷ್ಟೇ ಅಲ್ಲ, ಆ ನಡುಕಕ್ಕೆ ಕಾರಣಳೂ ನಾನೇ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಯಾರೂ ತಪ್ಪು ತಿಳಿಯಬಾರದು. ನಮ್ಮ ಮನೆಯಲ್ಲಿ ಸೋದರತ್ತೆಯನ್ನು ‘ನೀವು’ ಎಂದರೆ ಮಾತು ಬಿಟ್ಟಿದ್ದೇವೆ ಎಂದರ್ಥ. ಅವಳ ಊರು ಚನ್ನಪಟ್ಟಣ ತಾಲ್ಲೂಕಿನಲ್ಲಿ, ಬೈರಾಪಟ್ಟಣದಿಂದ ಒಂದಿಷ್ಟು ಒಳಕ್ಕೆ. ಎರಡು ಎಕರೆ ಹಿಪ್ಪುನೇರಳೆ ತೋಟ, ರೇಷ್ಮೆ ಸಾಕಲು ಒಂದು ಹುಳದ ಮನೆ, ಒಂದು ಎಮ್ಮೆ, ಕಾಲೆಳೆದುಕೊಂಡು ನಡೆಯುವ ಮಾವ. ಇದ್ದೊಬ್ಬ ಮಗಳನ್ನು ಕನಕಪುರಕ್ಕೆ ಕೊಟ್ಟಾಗಿದೆ. ಮಾಗಡಿ ಕಡೆಯ ನಮ್ಮ ಹಳ್ಳಿಯಿಂದ ಕಾಲೇಜಿಗೆ ಬಸ್ಸು ಸರಿಯಿಲ್ಲವೆಂದು ಮೂರು ವರ್ಷ ಅವಳ ಮನೆಯಲ್ಲಿದ್ದುಕೊಂಡು ಚನ್ನಪಟ್ಟಣದಲ್ಲಿ ಬಿ.ಕಾಂ. ಓದಿದವಳು ನಾನು. ನಮ್ಮ ವಂಶದಲ್ಲಿ ಪದವಿ ಎಂಬುದನ್ನು ಮೊದಲು ಕಂಡವಳೂ ನಾನೇ. ಕಷ್ಟಪಟ್ಟು, ಯಾರ ಹಂಗೂ ಇಲ್ಲದೆ ಓದಿದೆ. ಈ ಮಾತನ್ನು ಎಲ್ಲೆಲ್ಲಿ ಹೇಳಬಹುದೋ ಅಲ್ಲೆಲ್ಲ ಹೇಳುತ್ತೇನೆ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಹೇಳಿದ್ದುಂಟು.

ಈಗ ನನ್ನ ತಪ್ಪಿಗೆ ಬರುತ್ತೇನೆ. ರಾಮನಗರದಲ್ಲಿ ನಾನು ಕೆಲಸ ಮಾಡುವ ಆಫೀಸಿಗೆ ಹೋದ ವರ್ಷ ಯಾರೋ ಬಂದು, ಮನುಷ್ಯನಿಗೆ ಸಂಬಳದ ಗುರಿ ಇರುವ ಹಾಗೆ ಸೇವೆಯ ಗುರಿಯೂ ಇರಬೇಕು ಎಂದು ಎರಡು ಗಂಟೆ ಭಾಷಣ ಮಾಡಿ, ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟು ಹೋದರು. ‘ಈ ವರ್ಷದ ನನ್ನ ಗುರಿ’, ‘ಇಲ್ಲಿಯವರೆಗಿನ ಪ್ರಗತಿ’, ‘ಎದುರಾದ ಅಡಚಣೆ’ ಎಂದು ಗೆರೆ ಎಳೆದು ಮನೆ ಮನೆ ಮಾಡಿದ ಹಾಳೆ. ನಾನು ‘ತಿಂಗಳಿಗೆ ಎರಡು ಭಾನುವಾರ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು’ ಎಂದು ದುಂಡಗೆ ಬರೆದೆ. ನನ್ನ ಪ್ರಗತಿ ಏನಾಯಿತೆಂದು ದಯವಿಟ್ಟು ಕೇಳಬೇಡಿ. ಉಳಿದ ಒಂದು ಹಾಳೆಯಲ್ಲಿ ಒಂದಿಷ್ಟು ಒಣದ್ರಾಕ್ಷಿ ಕಟ್ಟಿಕೊಂಡು ಯುಗಾದಿಗೆ ಅತ್ತೆಯ ಮನೆಗೆ ಹೋದೆ. ದ್ರಾಕ್ಷಿ ಡಬ್ಬಕ್ಕೆ ಹೋಯಿತು. ಹಾಳೆ ಅತ್ತೆಯ ಕೈಗೆ ಹೋಯಿತು.

“ಇದೇನಮ್ಮಿ, ಕಂದಾಯದ ಕಾಗ್ದವಾ?”

ಪದವೀಧರೆಯಲ್ಲವೇ, ವಿವರಿಸಿದೆ. ಗುರಿ ಇಟ್ಟುಕೊಳ್ಳುವುದು, ಅದರ ಲೆಕ್ಕ ಇಡುವುದು, ವರ್ಷದ ಕೊನೆಗೆ ನೋಡಿಕೊಳ್ಳುವುದು. ಕೊನೆಯ ಸಾಲನ್ನೂ ಓದಿದೆ: ‘ಪ್ರತಿಫಲ ಪಡೆದ ಕೆಲಸವನ್ನು ಸೇವೆಯೆಂದು ಎಣಿಸತಕ್ಕದ್ದಲ್ಲ.’

“ಅಂದ್ರೆ? ಮುಯ್ಯಿ ತಕಬಾರ್ದಾ?”

“ತಗೋಬಾರದು ಅತ್ತೆ.”

ಅವಳು ಹಾಳೆಯ ಸುಕ್ಕನ್ನು ಅಂಗೈಯಲ್ಲಿ ನೀವಿ ನೀವಿ ಬಿಡಿಸಿದಳು. ಆಗಲೇ ನಾನು ಹೆದರಬೇಕಿತ್ತು! ಯಾಕೆಂದರೆ ನಮ್ಮ ಕಡೆ ಮುಯ್ಯಾಳು ಎಂಬ ಪದ್ಧತಿ ಇದೆ. ನಾನು ನಿಮ್ಮ ಮನೆಗೆ ಒಂದು ದಿನ ದುಡಿದರೆ ನೀವು ನಮ್ಮ ಮನೆಗೆ ಒಂದು ದಿನ ದುಡಿಯಬೇಕು. ಕೂಲಿ ಇಲ್ಲ, ಕಾಗದ ಇಲ್ಲ. ಆದರೆ ಮರೆಯುವ ಹಾಗೂ ಇಲ್ಲ. ರೇಷ್ಮೆಯವರಿಗೆ ಇದಿಲ್ಲದೆ ಬದುಕಿಲ್ಲ. ಹುಳ ಮೇವು ಬಿಟ್ಟು, ಮೈ ಹಳದಿಗೆ ತಿರುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುವುದಕ್ಕೆ ಹಣ್ಣಾಗುವುದು ಎನ್ನುತ್ತೇವೆ. ಆ ದಿನ ಹತ್ತಿಪ್ಪತ್ತು ಕೈ ಸೇರಿ ಒಂದೊಂದೇ ಹುಳ ಆಯ್ದು ಚಂದ್ರಿಕೆಗೆ, ಅಂದರೆ ಸುರುಳಿ ಸುರುಳಿ ಹೆಣೆದ ಬಿದಿರ ತಟ್ಟಿಗೆ ಬಿಡಬೇಕು. ತಡವಾದರೆ ಕಸದಲ್ಲೇ ನೂಲು ಕಕ್ಕಿ ಇಡೀ ಬೆಳೆ ಹಾಳು. ಇಂಥ ಊರಿನಲ್ಲಿ ಒಬ್ಬಳು ಎದ್ದು ನಿಂತು, ‘ನಾನು ಬರುತ್ತೇನೆ, ನೀವು ಬರಬೇಡಿ’ ಎಂದರೆ ಏನಾಗಬೇಡ?

“ಬರ್ಕೊ” ಎಂದಳು ಅತ್ತೆ. “ನನ್ ಗುರಿ ಐವತ್ಮೂರು ಆಳು. ಈ ಯುಗಾದಿಯಿಂದ ಮುಂದ್ಲ ಯುಗಾದಿಗೆ.”

“ಐವತ್ತು ಅಂತಿಟ್ಕೊ ಅತ್ತೆ, ರೌಂಡಾಗಿರುತ್ತೆ.”

“ರೌಂಡಾಗಿರಾಕೆ ಅದೇನು ರೊಟ್ಟಿಯಾ? ಐವತ್ಮೂರು ಅಂದ್ರೆ ಐವತ್ಮೂರು.”

ಹಾಳೆಯ ಮನೆಗಳು ಅವಳಿಗೆ ಒಗ್ಗಲಿಲ್ಲ. ಅಟ್ಟದಿಂದ ಒಂದು ಹಳೆಯ ಚಂದ್ರಿಕೆ ಇಳಿಸಿ ನಡುಮನೆಯ ಗೋಡೆಗೆ ತಗುಲಿಹಾಕಿದಳು. ಒಂದು ಆಳಿಗೆ, ಅಂದರೆ ಒಂದು ದಿನದ ದುಡಿಮೆಗೆ, ಒಂದು ತೂತುಗೂಡು. ಚಿಟ್ಟೆ ಕೊರೆದು ಹೋದ, ಮಾರುಕಟ್ಟೆಗೆ ಬಾರದ ಗೂಡನ್ನು ಸುರುಳಿಯ ನಡುವಿನಿಂದ ಶುರುಮಾಡಿ ಸಾಲಾಗಿ ಸಿಕ್ಕಿಸುತ್ತ ಹೋಗುವುದು. ಬಂದವರೆಲ್ಲ ಅದನ್ನು ಅಲಂಕಾರ ಎಂದುಕೊಂಡರು. ಮಾವನಿಗೆ ಮಾತ್ರ ಮೊದಲ ದಿನವೇ ಗೊತ್ತಾಯಿತು. “ಬಿಸಿನೀರು ಕಾಯ್ಸಿ ನನ್ ಕಾಲಿಗೆ ಶಾಖ ಕೊಡೆ, ಅದ್ನೂ ಒಂದು ಗೂಡು ಅಂತ ಸಿಕ್ಸ್ಕೊ ಅಂದೆ ಕಣವ್ವ. ಗಂಡುಂಗೆ ಮಾಡಿದ್ದು ಸೇವೆಗೆ ಬರಲ್ಲ ಅಂದ್ಬುಟ್ಲು!”

ಕೆಲಸ ಶುರುವಾಯಿತು. ಯಾರ ಮನೆಯ ಹುಳ ಯಾವತ್ತು ಹಣ್ಣಾಗುತ್ತದೆಂದು ಆ ಮನೆಯವರಿಗಿಂತ ಮೊದಲು ಅತ್ತೆಗೆ ಗೊತ್ತಿರುತ್ತಿತ್ತು. ಒಂದು ಮನೆಯ ರೋಗ ಇನ್ನೊಂದು ಮನೆಯ ಹುಳಕ್ಕೆ ತಗುಲಬಾರದಲ್ಲ, ಅದಕ್ಕೆ ಬಾಗಿಲಲ್ಲಿಟ್ಟ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಎಲ್ಲರೂ ಒಂದು ಸಲ ಕಾಲು ಅದ್ದಿದರೆ ಇವಳು ಮೂರು ಸಲ. ದೀಪಾವಳಿಯ ಹೊತ್ತಿಗೆ ಅವಳ ಪಾದ ಎರಡೂ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದವು.

ಅದನ್ನೆಲ್ಲ ಊರು ಸಹಿಸಿಕೊಂಡಿತು. ಸಹಿಸಲಾಗದ್ದು ಅವಳ ಕ್ಯಾರಿಯರ್. ಕೆಲಸದ ಮನೆಯಲ್ಲಿ ಉಂಡರೆ ಅದು ಪ್ರತಿಫಲವಾಗಿಬಿಡುತ್ತದಲ್ಲ! ಮುದ್ದೆ, ಸಾರು, ಬಾಟಲಿಯಲ್ಲಿ ನೀರು ಎಲ್ಲ ಮನೆಯಿಂದಲೇ. ನೆರೆಮನೆಯ ಜಯಮ್ಮ ಕಾಫಿ ಲೋಟ ಹಿಡಿದು ಕಾಲು ಗಂಟೆ ನಿಂತಳಂತೆ.

“ಅಕ್ಕಯ್ಯ, ಒಂದ್ ಗುಟುಕು ಕುಡಿ.”

“ಬ್ಯಾಡ ಕಣೆ, ಲೆಕ್ಕ ಕೆಡ್ತದೆ.”

“ಕಾಫಿ ಕುಡುದ್ರೆ ಅದೆಂಗಕ್ಕ ಲೆಕ್ಕ ಕೆಡ್ತದೆ? ನಮ್ಮನೆ ಲೋಟದಲ್ಲಿ ಏನಾರ ಐತಾ?”

ಜಯಮ್ಮ ಎರಡು ದಿನ ಅತ್ತಳಂತೆ. ಮೂರನೆಯ ದಿನ ಅಳು ನಿಂತು ರೋಷ ಬಂತು. ಅಲ್ಲಿಂದ ಮುಂದೆ ಆ ಊರಿನಲ್ಲಿ ವಿಚಿತ್ರವಾದ ಕಳ್ಳತನ ಶುರುವಾಯಿತು. ಬೇರೆ ಊರಿನ ಕಳ್ಳರು ಹೊತ್ತುಕೊಂಡು ಹೋದರೆ ಇಲ್ಲಿಯ ಕಳ್ಳರು ತಂದಿಟ್ಟು ಹೋಗುತ್ತಿದ್ದರು! ಅತ್ತೆ ಎಮ್ಮೆಗೆ ಮೇವು ತರಲು ಹೋಗಿ ಬರುವಷ್ಟರಲ್ಲಿ ಜಗುಲಿಯ ಮೇಲೆ ಸೋರೆಕಾಯಿ. ಸಂತೆಗೆ ಹೋಗಿ ಬಂದರೆ ತೋಟದ ಒಂದು ಸಾಲು ಕಳೆ ಮಾಯ. ಒಂದು ದಿನ ಯಾರೋ ಕೊಟ್ಟಿಗೆಯ ಸಗಣಿ ಬಾಚಿ, ಗಂಜಲ ತೊಳೆದು, ಎಮ್ಮೆಯ ಮೈಯನ್ನೂ ಉಜ್ಜಿ ಹೋಗಿದ್ದರು. ಅತ್ತೆ ಎಮ್ಮೆಯ ಎದುರು ನಿಂತು, “ಯಾರು ಬಂದಿದ್ರು ಹೇಳು” ಎಂದು ಗದರಿಸಿದಳಂತೆ. ಅದು ಹೊಳೆಯುವ ಮೈ ಹೊತ್ತು ಮೆಲುಕು ಹಾಕುತ್ತಿತ್ತು.

ಇಂಥ ಒಂದೊಂದು ಉಪಕಾರ ಪತ್ತೆಯಾದಾಗಲೂ ಚಂದ್ರಿಕೆಯಿಂದ ಒಂದು ಗೂಡು ಹೊರಗೆ. ನನ್ನ ಫೋನು ಬಡಿದುಕೊಳ್ಳತೊಡಗಿತು. ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತಿರುವಾಗಲೇ ಅತ್ತೆಯ ದನಿ.

“ಮೂವತ್ತಾರಿತ್ತು. ಮೂವತ್ನಾಲ್ಕಾಗೋಯ್ತು ಮಗ.”

“ಹೋದರೆ ಹೋಯ್ತು ಬಿಡು ಅತ್ತೆ.”

“ಎಂಗ್ ಬುಡಾದು? ಯುಗಾದಿಗೆ ಇನ್ನೆಷ್ಟ್ ದಿನ ಐತೆ? ನೀನೇ ತಾನೆ ಕಾಗ್ದ ತಂದೋಳು?”

ನಾನೇ. ಹಾಗಾಗಿ ನನಗೂ ಬೆಳಿಗ್ಗೆ ಎದ್ದರೆ ಮೊದಲ ಯೋಚನೆ, ಇವತ್ತು ಎಷ್ಟು ಗೂಡು? ಅತ್ತೆ ಊಟ ಕಡಿಮೆ ಮಾಡಿದ್ದಾಳೆಂದು ಮಾವ ಹೇಳಿದರು. ಹೊರಗೆ ಹೋದರೆ ಯಾರಾದರೂ ಬಂದು ಏನಾದರೂ ಮಾಡಿಬಿಡುತ್ತಾರೆಂಬ ದಿಗಿಲು, ಮನೆಯಲ್ಲೇ ಕೂತರೆ ಎಣಿಕೆ ಏರುವುದಿಲ್ಲವೆಂಬ ದಿಗಿಲು. ಅರವತ್ತೆರಡರ ಹೆಂಗಸಿಗೆ ಇಂಥ ಪರೀಕ್ಷೆ ತಂದಿಟ್ಟ ಪಾಪಿ ನಾನು. ಗುರಿ ಇಳಿಸೆಂದು ಎಷ್ಟೋ ಸಲ ಬೇಡಿಕೊಂಡೆ. “ಇಳ್ಸಾಕೆ ಅದು ನಾನಿಟ್ಟ ಅಂಕಿಯಲ್ಲ” ಎಂದಳು ಒಮ್ಮೆ. ಮತ್ತೆ ಯಾರಿಟ್ಟದ್ದು? ಕೇಳುವಷ್ಟರಲ್ಲಿ ಫೋನು ಇಟ್ಟಿದ್ದಳು.

ಫಾಲ್ಗುಣದ ಹೊತ್ತಿಗೆ ಐವತ್ತೆರಡಾಯಿತು! ಕೇಳಿ ನಾನು ಆಫೀಸಿನವರಿಗೆಲ್ಲ ಬಾದುಷಾ ಹಂಚಿದೆ. ಇನ್ನೊಂದೇ ಒಂದು. ಅದೇ ವಾರ ಜಯಮ್ಮನ ಮನೆಯ ಹುಳ ಹಣ್ಣಾದವು. ಅವಳು ತಾನಾಗಿಯೇ ಬಂದು, “ಬಾರಕ್ಕಯ್ಯ, ನಿನ್ ಕ್ಯಾರಿಯರ್ ತಗೊಂಡೇ ಬಾ” ಎಂದು ಕರೆದಳಂತೆ. ಅತ್ತೆ ಹೋಗಲಿಲ್ಲ!

ಒಂದು ವರ್ಷ ಊರೆಲ್ಲ ಅಟ್ಟಾಡಿಸಿಕೊಂಡು ಸೇವೆ ಮಾಡಿದವಳು ಕೊನೆಯ ಒಂದಕ್ಕೆ ಬೇಡ ಎನ್ನುತ್ತಾಳೆಂದರೆ ಮೈ ಸರಿಯಿಲ್ಲವೇ? ನೆನಪು ಕೈಕೊಡುತ್ತಿದೆಯೇ? ಫೋನು ಮಾಡಿದರೆ, “ಆ ಒಂದು ನನ್ ಕೈಲಾಗಾದಲ್ಲ ಬುಡು” ಎಂದು ಮಾತು ತಿರುಗಿಸಿದಳು. “ನಮ್ಮನೆ ಹುಳಾನೂ ಹಣ್ಣಾಗಾಕ್ ಬಂದ್ವು. ರಜ ಸಿಕ್ಕುದ್ರೆ ಒಸಿ ಬಾ.”

ಮೊದಲ ಬಸ್ಸಿಗೆ ಹೋದೆ. ಬಿಸಿಲಿನ ಝಳಕ್ಕೆ ಹುಳ ಒಂದು ದಿನ ಮುಂಚೆಯೇ, ಒಂದೂ ಬಿಡದೆ ಒಟ್ಟಿಗೇ ಹಣ್ಣಾಗಿದ್ದವು. ತಟ್ಟೆ ತಟ್ಟೆಯಲ್ಲೂ ಹಳದಿ ತಲೆಗಳು ಎದ್ದು ಅತ್ತಿತ್ತ ಆಡುತ್ತಿವೆ. ಕೂಲಿಯವರನ್ನು ಕರೆಯೋಣವೆಂದರೆ ಊರಿನ ಕೂಲಿಗೆ ಬರುವ ಹೆಣ್ಣುಮಕ್ಕಳೆಲ್ಲ ಬೆಳಿಗ್ಗೆಯೇ ಫ್ಯಾಕ್ಟರಿ ಬಸ್ಸು ಹತ್ತಿದ್ದಾರೆ. ಮನೆಯಲ್ಲಿ ಇದ್ದದ್ದು ಅತ್ತೆ, ಬಗ್ಗಲಾಗದ ಮಾವ, ಮತ್ತು ಹನ್ನೆರಡು ವರ್ಷದಿಂದ ಹುಳ ಮುಟ್ಟದ ಬಿ.ಕಾಂ. ಪದವೀಧರೆ. ನಾನು ಒಂದು ಹುಳ ಆಯುವಷ್ಟರಲ್ಲಿ ಅತ್ತೆ ಹತ್ತು ಆಯುತ್ತಿದ್ದಳು, ಆದರೂ ತಟ್ಟೆ ಖಾಲಿಯಾಗುತ್ತಿರಲಿಲ್ಲ. ಎರಡು ಗಂಟೆಯಲ್ಲಿ ಕಾಲು ಭಾಗವೂ ಆಗಲಿಲ್ಲ. ಕೆಳಗಿನ ತಟ್ಟೆಯಲ್ಲಿ ಆಗಲೇ ಸೊಪ್ಪಿನ ಕಡ್ಡಿಗೆ ನೂಲು ಸುತ್ತತೊಡಗಿದ್ದವು.

“ಅತ್ತೆ, ಜನ ಕರೀತೀನಿ.”

“ಬ್ಯಾಡ!”

“ಬೆಳೆ ಹೋಗುತ್ತೆ.”

“ಓದ್ರೆ ಓಗ್ಲಿ. ಈಗ್ ಒಬ್ಬರು ಈ ಹೊಸ್ಲು ದಾಟುದ್ರೂ ನಾನ್ ಮಾಡಿದ್ದೆಲ್ಲ ನೀರ್ಪಾಲು.”

ಅವಳು ಬಗ್ಗಿ ಆಯುತ್ತಲೇ ಇದ್ದಳು. ನೋಡಲಾಗಲಿಲ್ಲ. ನೀರು ಕುಡಿದು ಬರುತ್ತೇನೆಂದು ಹೊರಗೆ ಬಂದು ನೇರ ಜಯಮ್ಮನ ಮನೆಗೆ ಓಡಿದೆ. ಅವಳು ಪೂರ್ತಿ ಕೇಳಲಿಲ್ಲ. ಸಂಘದ ಹೆಂಗಸರ ವಾಟ್ಸಾಪಿಗೆ ಬಾಯಲ್ಲೇ ಒಂದು ಸಂದೇಶ ಒದರಿದಳು: “ಅಕ್ಕಯ್ಯನ ಹುಳ ಹಣ್ಣಾಗವೆ. ಎಲ್ರೂ ಕ್ಯಾರಿಯರ್ ತಗೊಂಡ್ ಬನ್ನಿ!”

ಕ್ಯಾರಿಯರ್ ಯಾಕೆಂದು ನನಗೆ ಹೊಳೆಯಲಿಲ್ಲ. ಅರ್ಧ ಗಂಟೆಯಲ್ಲಿ ಹದಿನೇಳು ಹೆಂಗಸರು ಬಂದರು. ಬ್ಲೀಚಿಂಗ್ ನೀರಿನಲ್ಲಿ ಒಬ್ಬೊಬ್ಬಳೂ ಮೂರು ಮೂರು ಸಲ ಕಾಲು ಅದ್ದಿದರು, ಅತ್ತೆಯ ಕಡೆ ನೋಡಿಕೊಂಡೇ! ಅತ್ತೆ ಗೋಡೆಗೆ ಒರಗಿ ನಿಂತುಬಿಟ್ಟಳು. ನಂತರ ನನ್ನ ಕಡೆ ತಿರುಗಿ, “ಇಳಿಸ್ಕಂಡಿದ್ದೆ. ಮತ್ತೆ ಹೊರಿಸ್ಬುಟ್ಯಲ್ಲೇ” ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಹದಿನೇಳು ಜನರ ಕೈಯೆಂದರೆ ಹದಿನೇಳು ಜನರ ಕೈ. ಮಧ್ಯಾಹ್ನದ ಹೊತ್ತಿಗೆ ಕೊನೆಯ ಹುಳವೂ ಚಂದ್ರಿಕೆ ಏರಿತು. ಅತ್ತೆಗೆ ಎಷ್ಟೇ ಸಂಕಟವಾಗಿದ್ದರೂ ದುಡಿದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಹೆಂಗಸೇ ಅವಳು? ದೊಡ್ಡ ಪಾತ್ರೆಯಲ್ಲಿ ಬೆಲ್ಲದ ಕಾಫಿ ಕಾಯಿಸಿ ತಂದಳು. ಹದಿನೇಳು ಜನವೂ ಜಗುಲಿಯ ಮೇಲೆ ಸಾಲಾಗಿ ಕೂತು, ತಮ್ಮ ತಮ್ಮ ಕ್ಯಾರಿಯರ್ ಬಿಚ್ಚಿ, ತಮ್ಮ ತಮ್ಮ ಮುದ್ದೆ ಮುರಿಯುತ್ತಿದ್ದರು. ಕಾಫಿಯ ಕಡೆ ಯಾರೂ ತಿರುಗಲಿಲ್ಲ.

“ಜಯಮ್ಮಿ, ಒಂದ್ ಲೋಟ ಕುಡಿಯೇ.”

“ಬ್ಯಾಡ ಕಣಕ್ಕ, ಲೆಕ್ಕ ಕೆಡ್ತದೆ.”

“ನೀನಾದ್ರೂ ಕುಡಿ ಸಾಕಮ್ಮ.”

“ನೀರೂ ಮನೆಯಿಂದ್ಲೇ ತಂದಿವ್ನಿ ಅಕ್ಕಯ್ಯ” ಎಂದು ಸಾಕಮ್ಮ ಬಾಟಲಿ ಎತ್ತಿ ತೋರಿಸಿದಳು.

ಅತ್ತೆ ಆ ಸಾಲಿನ ಈ ತುದಿಯಿಂದ ಆ ತುದಿಗೆ ಕಾಫಿ ಪಾತ್ರೆ ಹೊತ್ತು ನಡೆದಳು. ಹದಿನೇಳು ಸಲ ಬೇಡ ಎನ್ನಿಸಿಕೊಂಡಳು. ತುದಿ ಮುಟ್ಟಿ ಪಾತ್ರೆ ಕೆಳಗಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಜಯಮ್ಮ ಮುದ್ದೆಯ ಕೈಯಲ್ಲೇ ಎದ್ದು ಬಂದು ಅವಳ ಪಕ್ಕ ನಿಂತಳು.

“ಉರೀತಾ ಅಕ್ಕಯ್ಯ? ನಮ್ಗೂ ಒಂದ್ ವರ್ಷ ಇಂಗೇ ಉರೀತು. ಇನ್ಮೇಲೆ ನಮ್ಮನೇಲಿ ನೀನ್ ಕುಡಿ, ನಿಮ್ಮನೇಲಿ ನಾವ್ ಕುಡೀತೀವಿ. ಒಪ್ದಾ?”

ಸೆರಗಿನೊಳಗಿಂದಲೇ ಅತ್ತೆ ತಲೆಯಾಡಿಸಿದಳು. ಪಾತ್ರೆ ಎರಡು ನಿಮಿಷದಲ್ಲಿ ಖಾಲಿಯಾಯಿತು. ಮಾವನಿಗೆ ತೊಟ್ಟೂ ಉಳಿಯಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಕೇಳಿದೆ, “ಐವತ್ಮೂರು ಯಾರಿಟ್ಟ ಅಂಕಿ ಅತ್ತೆ?” ಉತ್ತರ ಕೊಟ್ಟದ್ದು ಮಾವ. ನನ್ನ ಪದವಿಯ ಕೊನೆಯ ವರ್ಷ ಅವರು ತೆಂಗಿನ ಮರದಿಂದ ಬಿದ್ದು ಎಂಟು ತಿಂಗಳು ಮಲಗಿದ್ದರು. ಅತ್ತೆ ಅವರ ಪಕ್ಕದಿಂದ ಏಳುವಂತಿರಲಿಲ್ಲ. ಊರಿನವರೇ ಬಂದು ಬೆಳೆ ಎತ್ತಿಕೊಟ್ಟರು. “ಮಲಗಿದ್ದೋನ್ಗೆ ಇನ್ನೇನ್ ಕೆಲ್ಸ? ಬಾಗ್ಲಲ್ಲಿ ಬಂದೋರ್ನ ಎಣಿಸ್ತಿದ್ದೆ. ಐವತ್ಮೂರು ಆಳು.”

“ಆಮ್ಯಾಕೆ ನಾನ್ ಮುಯ್ಯಿ ತೀರ್ಸಾಕೆ ಓದ್ರೆ, ಮಾರ್ನೇ ದಿನ ಅವ್ರು ನಮ್ಮನೆಗ್ ಬಂದ್ಬುಡೋರು” ಎಂದಳು ಅತ್ತೆ. “ಹಳೇದು ಹಂಗೇ ಉಳೀತಿತ್ತು. ಹನ್ನೆಲ್ಡ್ ವರ್ಷ. ನೀನ್ ಆ ಕಾಗ್ದ ಓದುದ್ಯಲ್ಲ, ಮುಯ್ಯಿ ತಕಬಾರ್ದು ಅಂತ. ಅಂಗಾದ್ರೆ ಇಳೀತದೆ ಅನ್ನುಸ್ತು.”

ಆ ವರ್ಷ ನಾನು ಅದೇ ಮನೆಯಲ್ಲಿದ್ದೆ. ಜನ ಬಂದು ಹೋಗುವುದನ್ನು ಕಂಡಿದ್ದೆ, ಪುಸ್ತಕದಿಂದ ತಲೆಯೆತ್ತದೆ. ನನ್ನ ಫೀಸು ಆ ಬೆಳೆಗಳಿಂದಲೇ ಬಂದಿತ್ತು. ಯಾರ ಹಂಗೂ ಇಲ್ಲದೆ ಓದಿದವಳು!

“ಹಾಗಾದರೆ ಕೊನೇದೊಂದು ಯಾಕೆ ಬಿಟ್ಟೆ?”

ಅತ್ತೆ ನನ್ನನ್ನೇ ನೋಡಿದಳು. “ಅದು ನಿಂದು. ನಿನ್ ಕಡೇ ಪರೀಕ್ಷೆ ದಿನಾನೇ ಹುಳ ಹಣ್ಣಾದ್ವು. ಒಂದಾಳು ಕಮ್ಮಿ. ಪರೀಕ್ಷೆ ಬುಟ್ಬುಡು ಮಗ ಅಂತ ನಾನೇ ಅಂದಿದ್ದೆ. ನೀನು ಅಳ್ತಾ ಹುಳದ ಮನೆ ಒಳಕ್ ಬರಾಕೆ ಕಾಲ್ ತೊಳ್ಕತಿದ್ದೆ. ಆಗ ಜಯಮ್ಮನ ಅತ್ತೆ, ಕೆಂಪಜ್ಜಿ ಬಂದು, ಅವಳ ಜಾಗದಲ್ಲಿ ನಾನ್ ಕುಂತ್ಕತೀನಿ, ಅವಳ್ನ ಕಳ್ಸು ಅಂದ್ಲು. ಅದ್ನ ನಾನೆಂಗೆ ತೀರ್ಸಲಿ?”

ಕಾಲು ತೊಳೆದದ್ದು ನೆನಪಿತ್ತು. ಒದ್ದೆ ಕಾಲಿನಲ್ಲೇ ಬಸ್ಸಿಗೆ ಓಡಿದ್ದೂ ನೆನಪಿತ್ತು. ನನ್ನ ಜಾಗದಲ್ಲಿ ಯಾರು ಕೂತರೆಂದು ಹನ್ನೆರಡು ವರ್ಷ ನಾನು ಕೇಳಿರಲಿಲ್ಲ.

ಯುಗಾದಿಗೆ ಎರಡು ದಿನ ಮುಂಚಿನ ಭಾನುವಾರ ಕೆಂಪಜ್ಜಿಯ ಮುಂದೆ ಹೋಗಿ ಕೂತೆ. ಅಜ್ಜಿಗೆ ಈಗ ಕಣ್ಣು ಮಂಜು. ಹುಳದ ಮನೆಗೆ ಹೋಗುವುದಿಲ್ಲ. ಹೊಸ ಹುಣಸೆಹಣ್ಣು ರಾಶಿ ಹಾಕಿಕೊಂಡು ತಡವಿ ತಡವಿ ಬೀಜ ಬಿಡಿಸುತ್ತಿದ್ದಳು. ನಾನು ಯಾರೆಂದು, ಯಾಕೆ ಬಂದೆನೆಂದು ಹೇಳಿದೆ. “ಅಂಗಾ? ಕುಂತ್ಕೊ. ನಾರು ಸರ್ಯಾಗಿ ತೆಗಿ” ಎಂದು ಅರ್ಧ ರಾಶಿ ನನ್ನ ಕಡೆ ತಳ್ಳಿದಳು. ಸಂಜೆಯವರೆಗೆ ಬಿಡಿಸಿದೆ. ಉಗುರ ಸಂದೆಲ್ಲ ಉರಿ. ಜಯಮ್ಮ ಕಾಫಿ ತಂದಿಟ್ಟಳು. ಕುಡಿಯುವುದೋ ಬಿಡುವುದೋ ತಿಳಿಯದೆ ಲೋಟ ನೋಡುತ್ತ ಕೂತೆ. ಒಂದೇ ಒಂದು ಗೂಡು, ಅದೂ ಕೆಟ್ಟುಹೋದರೆ?

“ಕುಡಿ” ಎಂದಳು ಅಜ್ಜಿ, ಕಾಣದಿದ್ದರೂ ನನ್ನ ಕಡೆಗೇ ತಿರುಗಿ. “ಕಾಫಿ ಕುಡೀದೆ ಓದ್ರೆ ನಾನ್ ಎಣಿಸ್ಕಳಲ್ಲ.”

ಕುಡಿದೆ. ಅಜ್ಜಿ ಇನ್ನೊಂದು ಹಣ್ಣು ಎತ್ತಿಕೊಂಡು, ಬೀಜ ಹುಡುಕುತ್ತ, ನಿನ್ನೆಯದನ್ನು ಕೇಳುವ ಹಾಗೆ ಕೇಳಿದಳು:

“ಅಲ್ಲ ಮಗ, ಅವತ್ತು ಬಸ್ಸು ಸಿಕ್ತಾ?”